ಕಪ್ಪೆಯನ್ನು ಯಾಕೆ ಬಿಟ್ಟೆ?

ಪ್ರೀತಿಯ ತಮ್ಮನಿಗೆ,

ನಿನ್ನ ಲೇಖನ, ಅದರ ಜೊತೆ ಇಟ್ಟಿದ್ದ ಕಾಗದ ಎರಡೂ ಬಂದವು. ಲೇಖನ ಓದಿ ಬೇಜಾರಾಯಿತು. ಕಾಗದ ಓದಿ ಖುಷಿಯಾಯಿತು. ಎರಡನ್ನೂ ಬರೆದವನು ಒಬ್ಬನೇ ಅಂದರೆ ನಂಬುವುದು ಕಷ್ಟ.

ಯಾವ ಪತ್ರಿಕೆಯವರೂ ಉತ್ತರ ಕೊಡಲಿಲ್ಲ, ಇನ್ನು ಬರೆಯುವುದನ್ನೇ ಬಿಟ್ಟುಬಿಡ್ತೀನಿ ಅಂದಿದ್ದೀಯ. ದಿನಕ್ಕೆ ಎಷ್ಟು ಪುಟ ಬರೆಯಬೇಕು, ಕಾವ್ಯನಾಮ ಇಟ್ಟುಕೊಳ್ಳಲಾ, ಸ್ಪರ್ಧೆಗೆ ಕಳಿಸಲಾ ಅಂತಲೂ ಕೇಳಿದ್ದೀಯ. ಅದನ್ನೆಲ್ಲ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಮಾತಾಡಬೇಕಿರುವುದು ನಿನ್ನ ಹಕ್ಕಿಯ ಬಗ್ಗೆ.

ಲೇಖನದಲ್ಲಿ ಅದು ಹಾಲಿನಂಥ ಬಿಳುಪಿನ ಕೊಕ್ಕರೆ. ಒಂಟಿ ಕಾಲಿನ ಮೇಲೆ ನಿಂತ ಋಷಿ. ದಿಗಂತ ನೋಡುತ್ತಾ ಧ್ಯಾನ ಮಾಡುತ್ತದೆ. ಆಮೇಲೆ ಮಿಂಚಿನಂತೆ ಎರಗುತ್ತದೆ, ಬೇಟೆ ಮುಗಿಯುತ್ತದೆ, ಸೂರ್ಯ ಮುಳುಗುತ್ತಾನೆ.

ಕಾಗದದಲ್ಲಿ ಇರುವುದು ಬೇರೆಯೇ ಹಕ್ಕಿ. ಮೇ ತಿಂಗಳ ಮಳೆ ಬಿದ್ದು ಕೆರೆ ಅಂಗಳದಲ್ಲಿ ಹುಲ್ಲು ಚಿಗುರಿತ್ತು. ನಿಮ್ಮ ಎಮ್ಮೆ ಮೇಯುತ್ತಿತ್ತು. ಅದರ ಮೂತಿ ಪಕ್ಕದಲ್ಲೇ ಹಕ್ಕಿ ಓಡಾಡುತ್ತಿತ್ತು. 'ತಲೆ ಮೇಲೆ ಟೀ ಚೆಲ್ಲಿದ ಹಾಗೆ ಕೆಂಚಗಿತ್ತು, ಬರೆದರೆ ಚೆನ್ನಾಗಿರಲ್ಲ ಅಂತ ಬಿಟ್ಟೆ' ಅಂದಿದ್ದೀಯ. ಮೈ ಅಲ್ಲಾಡದೆ ಕತ್ತು ಮಾತ್ರ ಆ ಕಡೆ ಈ ಕಡೆ ತೂಗುತ್ತಿತ್ತಂತೆ. ಎಷ್ಟೋ ಸಲ ಕುಕ್ಕಿ ಏನೂ ಸಿಗದೆ ತಲೆ ಎತ್ತಿತಂತೆ. ಕಡೆಗೊಂದು ಕಪ್ಪೆ ಸಿಕ್ಕಿತು. ಲೇಖನದಲ್ಲಿ ಆ ಕಪ್ಪೆಯೇ ಇಲ್ಲ! ನನಗೆ ನಿಜ ಹೇಳಿ ಓದುವವರಿಗೆ ಯಾಕೆ ಮುಚ್ಚಿಟ್ಟೆ?

ನೀನು ನೋಡಿದ್ದು ಗೋವಕ್ಕಿ. ಬೆಳ್ಳಕ್ಕಿಗಳ ಬಳಗದ್ದೇ. ಮರಿ ಮಾಡುವ ಕಾಲ ಬಂದಾಗ ಅದರ ತಲೆ, ಕತ್ತು, ಬೆನ್ನಿನ ಮೇಲೆ ಕಿತ್ತಳೆ ಛಾಯೆಯ ಗರಿ ಬರುತ್ತವೆ. ನಿನ್ನ ಟೀ ಕಲೆ ಅದೇ. ಆ ಒಂದು ಕಲೆ ಇದ್ದಿದ್ದರೆ ಅದು ಯಾವ ಹಕ್ಕಿ, ಎಂಥ ಕಾಲ ಎಂದು ತಿಳಿದವರಿಗೆ ಗೊತ್ತಾಗುತ್ತಿತ್ತು. ತಿಳಿಯದವರಿಗೂ ನೀನು ಅಲ್ಲಿ ನಿಂತು ನೋಡಿದ್ದೀಯ ಎಂಬ ನಂಬಿಕೆ ಬರುತ್ತಿತ್ತು. ನೀನು ಮದ್ದೂರು ಕಡೆಯ ಹುಡುಗ. ಕೊಕ್ಕರೆಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ನೋಡಿಯೇ ಇರುತ್ತೀಯ. ಅವು ಕತ್ತು ಚಾಚಿಕೊಂಡು ಹಾರುತ್ತವೆ. ಗೋವಕ್ಕಿ ಕತ್ತು ಮಡಚಿಕೊಂಡು ಹಾರುತ್ತದೆ. ನೀನು ಕೊಕ್ಕರೆ ಅಂತ ಬರೆದೆ, ಎರಡೂ ಬೇರೆ ಬೇರೆ ಹಕ್ಕಿ. ಇಷ್ಟು ಗೊತ್ತಿರಬೇಕಲ್ವಾ?

ಇನ್ನು ಆ ದಿಗಂತ. ಬಕ, ಬೆಳ್ಳಕ್ಕಿಗಳ ಕಣ್ಣು ಎಂಥದ್ದು ಗೊತ್ತಾ? ಕೊಕ್ಕನ್ನು ನೆಲಕ್ಕೆ ಸಮನಾಗಿ ಹಿಡಿದಿದ್ದರೂ ಎರಡೂ ಕಣ್ಣುಗಳಿಂದ ಕೊಕ್ಕಿನ ಅಡಿಗೆ, ತಮ್ಮ ಕಾಲ ಬುಡದವರೆಗೆ ನೋಡಬಲ್ಲವು. ಗೋವಕ್ಕಿಯನ್ನೇ ಪರೀಕ್ಷೆ ಮಾಡಿ ಇದನ್ನು ಕಂಡುಕೊಂಡಿದ್ದಾರೆ. ನೀನು ಧ್ಯಾನ ಅಂದುಕೊಂಡ ಹೊತ್ತಿನಲ್ಲಿ ಅದು ಹುಲ್ಲಿನ ಬುಡ ಹುಡುಕುತ್ತಿತ್ತು. ಕತ್ತು ತೂಗುವುದು ಬೇಟೆ ಎಷ್ಟು ದೂರ ಇದೆ ಎಂದು ಅಳೆಯುವುದಕ್ಕೆ ಅನ್ನುತ್ತಾರೆ. ಅದರ ಕತ್ತಿನ ಆರನೇ ಮೂಳೆ ಉದ್ದ. ಅದಕ್ಕೇ ಕತ್ತು ಅಷ್ಟು ಚೂಪಾಗಿ ಮಡಚುತ್ತದೆ, ಬಿಟ್ಟಾಗ ರಪ್ಪನೆ ಮುಂದಕ್ಕೆ ಹೋಗುತ್ತದೆ. ಇಷ್ಟೆಲ್ಲ ಇದ್ದೂ ಬೇಟೆ ತಪ್ಪುತ್ತದೆ. ಆ ತಪ್ಪಿದ ಏಟುಗಳನ್ನು ನೋಡಿ ನನಗೆ ಬರೆದವನು ನೀನು. ಲೇಖನದಲ್ಲಿ ಮಾತ್ರ ಒಂದೇ ಏಟಿಗೆ ಗೆಲ್ಲಿಸಿಬಿಟ್ಟೆ.

ಎಮ್ಮೆಯನ್ನೂ ತೆಗೆದುಹಾಕಿದ್ದೀಯ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ತರಿಸಿತು. ಎಮ್ಮೆ ಕಾಲಿಟ್ಟ ಕಡೆ ಮಿಡತೆ ಏಳುತ್ತವೆ, ಹಕ್ಕಿ ಹಿಡಿಯುತ್ತದೆ. ದನದ ಜೊತೆ ಇದ್ದರೆ ಅದಕ್ಕೆ ನಡಿಗೆ ಕಡಿಮೆ, ಊಟ ಜಾಸ್ತಿ. ಗದ್ದೆ ಉಳುವಾಗ ಟ್ರ್ಯಾಕ್ಟರ್ ಹಿಂದೆ ಬರುವುದೂ ಇದಕ್ಕೇ. ಆಫ್ರಿಕಾದ ಗೋವಕ್ಕಿ ಅಟ್ಲಾಂಟಿಕ್ ಸಾಗರ ದಾಟಿ 19ನೇ ಶತಮಾನದ ಕೊನೆಗೆ ದಕ್ಷಿಣ ಅಮೆರಿಕ ಮುಟ್ಟಿತು. 1953ರ ಹೊತ್ತಿಗೆ ಫ್ಲೋರಿಡಾದಲ್ಲಿ ಗೂಡು ಕಟ್ಟಿತ್ತು. ಅಲ್ಲಿ ಅದು ನೆಲೆ ನಿಂತದ್ದು ದನ ಮೇಯುವ ಬಯಲುಗಳಲ್ಲಿ. ಸಾಗರ ದಾಟಿದ ಮೇಲೂ ಅದು ದನದ ಕಾಲ ಬುಡ ಬಿಡಲಿಲ್ಲ. ನಿನ್ನ ಮನೆ ಎಮ್ಮೆ ಕಣ್ಣೆದುರಿಗೇ ಅದಕ್ಕೆ ಊಟ ಎಬ್ಬಿಸಿ ಕೊಡುತ್ತಿತ್ತು. ಎಮ್ಮೆ ಬಂದರೆ ಸಾಹಿತ್ಯ ಕೆಡುತ್ತದೆ ಅಂತ ನಿನಗೆ ಹೇಳಿಕೊಟ್ಟವರು ಯಾರು?

ಒಂದು ಹಳೆಯ ಸಂಗತಿ ಹೇಳುತ್ತೇನೆ. ನಾನು ನಿನ್ನ ವಯಸ್ಸಿನಲ್ಲಿದ್ದಾಗ ಬೆಳ್ಳಕ್ಕಿಯ ಮೇಲೇ ಒಂದು ಬರಹ ಬರೆದಿದ್ದೆ. ಅದರಲ್ಲಿ ಕಪ್ಪೆಯ ಹಿಂಗಾಲು ಕೊಕ್ಕಿನ ಆಚೆ ಒದ್ದಾಡುವುದನ್ನು ಕಂಡಂತೆ ಬರೆದಿದ್ದೆ. ಅಚ್ಚಾಗಿ ಬಂದಾಗ ಆ ಭಾಗವೇ ಇರಲಿಲ್ಲ. ಅದರ ಜಾಗದಲ್ಲಿ ಸಂಪಾದಕರೇ ಬರೆದು ಸೇರಿಸಿದ ಒಂದು ಸಾಲು ಇತ್ತು, ಬೆಳ್ಳಕ್ಕಿಯನ್ನು ಶಾಂತಿಗೆ ಹೋಲಿಸುವ ಸಾಲು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಜನ ಮೆಚ್ಚಿಕೊಂಡದ್ದು ಆ ಸಾಲನ್ನೇ. ಸಭೆಗಳಲ್ಲಿ ನನ್ನ ಪರಿಚಯ ಮಾಡುವವರು ಅದನ್ನೇ ಓದುತ್ತಿದ್ದರು. ಅವರು ಚಪ್ಪಾಳೆ ತಟ್ಟುವಾಗ ನನಗೆ ಮೈ ಉರಿಯುತ್ತಿತ್ತು. ಇವತ್ತಿಗೂ ಆ ಸಿಟ್ಟು ಹೋಗಿಲ್ಲ, ಹೋಗುವುದೂ ಬೇಡ. ನನ್ನ ಕಪ್ಪೆಯನ್ನು ಬೇರೆಯವರು ಕಿತ್ತುಕೊಂಡರು. ನೀನು ಯಾರೂ ಕೇಳದೇ ಇದ್ದರೂ ನೀನಾಗಿಯೇ ತೆಗೆದೆ ನೋಡು, ಅದಕ್ಕೇ ಇಷ್ಟು ಬೈಯುತ್ತಿದ್ದೇನೆ.

ಕಪ್ಪೆ ಸಾಯುವುದನ್ನು ಬರೆದರೆ ಹಕ್ಕಿ ಕ್ರೂರಿ ಅನ್ನಿಸುತ್ತದೆ ಎಂದು ಹೆದರಿದ್ದೀಯ. ಅನ್ನಿಸಲಿ ಬಿಡು. ಓದುವವರಿಗೆ ಏನು ಅನ್ನಿಸಬೇಕು ಎಂದು ಮೊದಲೇ ತೀರ್ಮಾನ ಮಾಡಿ ಕೂತರೆ ಹುಲ್ಲು, ಹಕ್ಕಿ ಯಾವುದೂ ಕಾಣುವುದಿಲ್ಲ. ನನಗೆ ಕಪ್ಪೆಯ ಬಗ್ಗೆ ಮರುಕ ಇದೆ. ಗೂಡಿನಲ್ಲಿ ಬಾಯಿ ತೆರೆದು ಕೂತ ಮರಿಗಳ ಬಗ್ಗೆಯೂ ಇದೆ. ಎರಡನ್ನೂ ಒಂದೇ ಪುಟದಲ್ಲಿ ಇಡುವುದು ಕಷ್ಟ. ಆ ಕಷ್ಟವನ್ನು ನೀನು ಪಡಬೇಕು ಎಂಬುದು ನನ್ನ ಆಸೆ, ಯಾಕೆಂದರೆ ಆ ಕಾಗದ ಬರೆದ ಹುಡುಗನಿಗೆ ಅದು ಸಾಧ್ಯ.

ಲೇಖನ ತಿದ್ದುವುದಕ್ಕೆ ಹೋಗಬೇಡ, ಪಕ್ಕಕ್ಕಿಡು. ಕಾಗದವನ್ನು ವಾಪಸ್ ಕಳಿಸಿದ್ದೇನೆ. ಅದನ್ನೇ ಎದುರಿಗಿಟ್ಟುಕೊಂಡು ಬರೆ. ನಾನು ಕೇಳುವುದಕ್ಕೂ ಉತ್ತರ ಅದರಲ್ಲಿರಲಿ. ಕಪ್ಪೆಯನ್ನು ಹಿಡಿದದ್ದು ಕಾಲಿನಿಂದಲೋ ನಡುವಿನಿಂದಲೋ? ತಲೆ ಮುಂದಾಗುವ ಹಾಗೆ ಹೊರಳಿಸಿಕೊಳ್ಳಲು ಎಷ್ಟು ಹೊತ್ತು ಹಿಡಿಯಿತು? ನುಂಗುವಾಗ ಕತ್ತಿನಲ್ಲಿ ಉಬ್ಬು ಇಳಿಯುವುದು ಕಂಡಿತಾ? ಆಮೇಲೆ ನೀರಿಗೆ ಹೋಯಿತಾ, ಇಲ್ಲಾ ಮತ್ತೆ ಎಮ್ಮೆ ಹಿಂದೆಯೇ ಬಂತಾ? ನೆನಪಿಲ್ಲದಿದ್ದರೆ ಇನ್ನೊಮ್ಮೆ ಹೋಗಿ ನೋಡು. ನಾಟಿ ಕೆಲಸ ಶುರುವಾಗುವ ಮೊದಲು ಕಳಿಸು, ಆಮೇಲೆ ನಿನಗೆ ಬಿಡುವಿರುವುದಿಲ್ಲ.

ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರ ಹೇಳು.

ಇಂತಿ,
ನಿನ್ನ ಅಕ್ಕ