ಸ್ಕಾಲರ್‌ಶಿಪ್ ಎಷ್ಟು ಅಂತ ಬರೆಯುತ್ತೀರಿ, ಕಟ್ಟಬೇಕಾದ್ದು ಎಷ್ಟು ಅಂತಲೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಏಪ್ರಿಲ್, ಮೇ ತಿಂಗಳು ಬಂತೆಂದರೆ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಒಂದು ಸುದ್ದಿ ಇದ್ದೇ ಇರುತ್ತದೆ. ಅಮೆರಿಕದಲ್ಲಿರುವ ಕನ್ನಡದ ಹುಡುಗನಿಗೋ ಹುಡುಗಿಗೋ ಅಲ್ಲಿನ ವಿಶ್ವವಿದ್ಯಾಲಯದಿಂದ ಇಷ್ಟು ಲಕ್ಷ ರೂಪಾಯಿ ಸ್ಕಾಲರ್‌ಶಿಪ್. ಪಕ್ಕದಲ್ಲಿ ಫೋಟೊ. ಮಗು ಓದಿದೆ, ಅಜ್ಜಿ ತಾತ ಹೆಮ್ಮೆಪಡುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಾನು ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾ ಪಕ್ಕದ ಊರಿನಲ್ಲಿ, ಬೇರೆಯವರ ತೆರಿಗೆ ಲೆಕ್ಕ ಬರೆದು ಹೊಟ್ಟೆ ಹೊರೆಯುವವಳು. ಅರ್ಧ ಲೆಕ್ಕ ಅಚ್ಚಾದರೆ ಕೈ ಸುಮ್ನಿರುವುದಿಲ್ಲ. ಉಳಿದರ್ಧ ನಾನು ಬರೆಯುತ್ತೇನೆ.

ಇಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳನ್ನು ನಡೆಸುವುದು ಆಯಾ ರಾಜ್ಯ. ಒಂದೇ ತರಗತಿ, ಒಂದೇ ಬೆಂಚು, ಆದರೆ ಫೀಸು ಎರಡು. ಆ ರಾಜ್ಯದವರಿಗೆ ಕಡಿಮೆ, ಹೊರರಾಜ್ಯದವರಿಗೆ ಹೆಚ್ಚುಕಮ್ಮಿ ಮೂರು ಪಟ್ಟು. ನಮ್ಮ ಯೂನಿವರ್ಸಿಟಿ ಆಫ್ ಜಾರ್ಜಿಯಾದಲ್ಲಿ ಜಾರ್ಜಿಯಾದ ಮಕ್ಕಳಿಗೆ ವರ್ಷಕ್ಕೆ 11 ಸಾವಿರ ಡಾಲರ್ ಚಿಲ್ಲರೆ, ಹೊರಗಿನವರಿಗೆ 30 ಸಾವಿರ ದಾಟುತ್ತದೆ. ನಮ್ಮಪ್ಪ ಅಮ್ಮ ಈ ರಾಜ್ಯಕ್ಕೆ ತೆರಿಗೆ ಕಟ್ಟಿದ್ದಾರೆ, ಅದಕ್ಕೇ ನನಗೆ ಕಡಿಮೆ ಅನ್ನುವುದು ಇದರ ಹಿಂದಿನ ನ್ಯಾಯ. ಸರಿಯಾದ ನ್ಯಾಯವೇ.

ಈಗ ಒಂದು ಪತ್ರ ನೋಡಿ. ನಮ್ಮ ಪಕ್ಕದ ಬೀದಿಯಲ್ಲಿ ತುಮಕೂರು ಕಡೆಯ ಕುಟುಂಬ ಇದೆ. ಅವರ ಮಗನೂ ನನ್ನ ಮಗಳೂ ಒಂದೇ ಹೈಸ್ಕೂಲು. ದಕ್ಷಿಣದ ಬೇರೊಂದು ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಿಂದ ಅವನಿಗೆ ಪತ್ರ ಬಂತು. ಓಡಿಬಂದು, "ಆಂಟಿ, ನೋಡಿ, ಎಂಬತ್ತು ಸಾವಿರ ಡಾಲರ್!" ಅಂದ. ದಪ್ಪ ಕಾಗದ, ಮೇಲೆ ಬಣ್ಣದ ಲಾಂಛನ, ನಡುವೆ ದೊಡ್ಡ ಅಕ್ಷರದಲ್ಲಿ ಆ ಮೊತ್ತ. ನಾನು ಅಭ್ಯಾಸ ಬಲದಿಂದ ಕೆಳಗಿನ ಸಣ್ಣ ಅಕ್ಷರಕ್ಕೆ ಇಳಿದೆ. ಅದು ನಾಲ್ಕು ವರ್ಷದ ಒಟ್ಟು ಮೊತ್ತ, ಅಂದರೆ ವರ್ಷಕ್ಕೆ 20 ಸಾವಿರ. ಹೊರರಾಜ್ಯದವರ ಫೀಸು ವರ್ಷಕ್ಕೆ 33 ಸಾವಿರ. ಕಳೆದರೆ 13 ಸಾವಿರ. ಆ ರಾಜ್ಯದ ಹುಡುಗ ಯಾವ ಸ್ಕಾಲರ್‌ಶಿಪ್ಪೂ ಇಲ್ಲದೆ ಕಟ್ಟುವುದು 12 ಸಾವಿರ! ಇವನಿಗೆ ಸಿಕ್ಕಿದ್ದು ಇಷ್ಟೇ: ಮೊದಲು ಬೆಲೆ ಏರಿಸಿ, ಆಮೇಲೆ ಹತ್ತಿರಹತ್ತಿರ ಸ್ಥಳೀಯರ ಬೆಲೆಗೇ ಇಳಿಸಿದ್ದರು.

ಇದರ ಮೇಲೆ ಹಾಸ್ಟೆಲ್, ಊಟ ವರ್ಷಕ್ಕೆ 15 ಸಾವಿರ. ಒಟ್ಟು 28 ಸಾವಿರ. ನಾಲ್ಕು ವರ್ಷಕ್ಕೆ 1 ಲಕ್ಷ 12 ಸಾವಿರ ಡಾಲರ್ ಆ ಮನೆಯವರು ಕಟ್ಟಬೇಕು. ಡಾಲರಿಗೆ 88 ರೂಪಾಯಿ ಅಂತ ಹಿಡಿದರೂ ಹತ್ತಿರಹತ್ತಿರ ಒಂದು ಕೋಟಿ. ಪತ್ರಿಕೆಯಲ್ಲಿ ಮಾತ್ರ "70 ಲಕ್ಷ ಸ್ಕಾಲರ್‌ಶಿಪ್" ಅಂತ ಬರುತ್ತದೆ. ಎರಡೂ ನಿಜ. ಆದರೆ ಊರಲ್ಲಿರುವ ತಾತ ಒಂದನ್ನೇ ಓದಿ, ಮೊಮ್ಮಗ ಪುಕ್ಕಟೆ ಓದುತ್ತಿದ್ದಾನೆ ಅಂದುಕೊಳ್ಳುತ್ತಾರೆ.

ಇನ್ನೂ ಎರಡು ಸಾಲು ಆ ಸಣ್ಣ ಅಕ್ಷರದಲ್ಲಿತ್ತು. ಅಂಕ 3.0 ಜಿಪಿಎಗಿಂತ (ಅಂದರೆ 4ಕ್ಕೆ ಲೆಕ್ಕ ಹಾಕುವ ಸರಾಸರಿಯಲ್ಲಿ 3ಕ್ಕಿಂತ) ಇಳಿದರೆ ಹಣ ನಿಲ್ಲುತ್ತದೆ. ಫೀಸು ಏರಿದರೂ ಸ್ಕಾಲರ್‌ಶಿಪ್ ಏರುವುದಿಲ್ಲ. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಮೂರೂ ಒಟ್ಟಿಗೆ ತಗೊಂಡ ಮಕ್ಕಳಿಗೆ 3.0 ಉಳಿಸಿಕೊಳ್ಳುವುದು ಹುಡುಗಾಟವಲ್ಲ. ನನ್ನ ಹತ್ತಿರ ತೆರಿಗೆ ಮಾಡಿಸುವ ಮನೆಗಳಲ್ಲೇ ಎರಡನೇ ವರ್ಷ ದಿಢೀರನೆ ಸಾಲ ಮಾಡಿದವರಿದ್ದಾರೆ.

ವಿಶ್ವವಿದ್ಯಾಲಯಗಳು ಯಾಕೆ ಹೀಗೆ ಮಾಡುತ್ತವೆ? ದುಡ್ಡಿಗೆ. ಯೂನಿವರ್ಸಿಟಿ ಆಫ್ ಅಲಬಾಮಾ ನೋಡಿ. 2003ರಲ್ಲಿ ರಾಬರ್ಟ್ ವಿಟ್ ಅಧ್ಯಕ್ಷರಾಗಿ ಬಂದಾಗ ಅಲ್ಲಿ ಸುಮಾರು 20 ಸಾವಿರ ವಿದ್ಯಾರ್ಥಿಗಳು. ದೊಡ್ಡದಾಗಿ ಬೆಳೆಸುತ್ತೇನೆ ಅಂತಲೇ ಅವರು ಬಂದರು. 2008ರ ಆರ್ಥಿಕ ಕುಸಿತದ ನಂತರ ರಾಜ್ಯ ಸರ್ಕಾರ ಅನುದಾನಕ್ಕೆ ಕತ್ತರಿ ಹಾಕಿತು. ಆಗ ಹೊರರಾಜ್ಯದವರ ಫೀಸೇ ಆಸರೆಯಾಯಿತು. ದೇಶದ ಮೂಲೆಮೂಲೆಗೆ ನೇಮಕಾತಿ ಸಿಬ್ಬಂದಿ ಹೋದರು. ಪರೀಕ್ಷೆಯಲ್ಲಿ ಇಷ್ಟು ಅಂಕ, ಹೈಸ್ಕೂಲಿನಲ್ಲಿ ಇಷ್ಟು ಜಿಪಿಎ ಇದ್ದರೆ ಇಷ್ಟು ಡಾಲರ್ ಅಂತ ಪಟ್ಟಿ ಮಾಡಿ ಪ್ರಕಟಿಸಿದರು. ಜೊತೆಗೆ ಫುಟ್‌ಬಾಲ್ ತಂಡ ಮೇಲಿಂದ ಮೇಲೆ ಗೆದ್ದಿತು. ಅದೂ ಜಾಹೀರಾತೇ ಅಲ್ವಾ? 2024ಕ್ಕೆ ವಿದ್ಯಾರ್ಥಿಗಳ ಸಂಖ್ಯೆ 40 ಸಾವಿರ ದಾಟಿತು. ಈಗ ಅಲ್ಲಿ ಅಲಬಾಮಾದ ಮಕ್ಕಳು ಅರ್ಧಕ್ಕಿಂತ ಕಡಿಮೆ.

ನಾನು ಇದನ್ನು ಪೂರ್ತಿ ತಪ್ಪು ಅನ್ನುವವಳಲ್ಲ. 33 ಸಾವಿರದ ಸೀಟನ್ನು 13 ಸಾವಿರಕ್ಕೆ ಕೊಟ್ಟರೂ, ಖಾಲಿ ಬಿಡುವುದಕ್ಕಿಂತ ವಿಶ್ವವಿದ್ಯಾಲಯಕ್ಕೆ ಅದೇ ಮೇಲು. ಬಂದ ಹಣದಲ್ಲಿ ಮೇಷ್ಟ್ರು ಬಂದರು, ಲ್ಯಾಬ್ ಬಂತು. ನನ್ನ ತಕರಾರು ಬೇರೆ. ಅಂಕ ನೋಡಿ ಹಂಚುವ ಈ ಹಣ ಬಹುಪಾಲು ಹೋಗುವುದು ಕೋಚಿಂಗ್‌ಗೆ ಕಳಿಸಲು ಶಕ್ತಿಯಿರುವ, ಚೆನ್ನಾಗಿ ಓದಿಕೊಂಡ ಅಪ್ಪ ಅಮ್ಮನ ಮಕ್ಕಳಿಗೆ. ಅದೇ ರಾಜ್ಯದ ಹಳ್ಳಿಯ ಬಡ ಮಗುವಿಗೆ 12 ಸಾವಿರವೇ ಬೆಟ್ಟ. ಅದಕ್ಕೆ ಕಡಿತ ಕೊಡದೆ, ದೂರದ ಊರಿನ ಅನುಕೂಲಸ್ಥರ ಮಗುವಿಗೆ 20 ಸಾವಿರ ಬಿಟ್ಟುಕೊಡುವುದು ಯಾವ ಲೆಕ್ಕ?

ಎಲ್ಲ ರಾಜ್ಯಗಳೂ ಒಂದೇ ದಾರಿ ಹಿಡಿದಿಲ್ಲ ಅನ್ನಿ. ನಾರ್ತ್ ಕೆರೊಲಿನಾದಲ್ಲಿ ಹೊಸದಾಗಿ ಸೇರುವವರಲ್ಲಿ ಹೊರರಾಜ್ಯದವರು ಶೇ 18 ಮೀರಬಾರದು ಅಂತ 1986ರಲ್ಲೇ ಮಿತಿ ಹಾಕಿದರು. ಈಗ ಕೆಲವು ಕ್ಯಾಂಪಸ್‌ಗಳಿಗೆ ಸಡಿಲ ಮಾಡಿದ್ದಾರೆ, ಚಾಪೆಲ್ ಹಿಲ್‌ಗೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಗಲಾಟೆಯೇ ಆಯಿತು. ಹೊರಗಿನವರನ್ನು ಜಾಸ್ತಿ ಸೇರಿಸಿಕೊಂಡು ನಮ್ಮ ಮಕ್ಕಳಿಗೆ ಬಾಗಿಲು ಹಾಕುತ್ತೀರಿ ಅಂತ 2016ರಲ್ಲಿ ರಾಜ್ಯದ ಲೆಕ್ಕ ಪರಿಶೋಧಕರೇ ತರಾಟೆಗೆ ತೆಗೆದುಕೊಂಡರು. ಮರು ವರ್ಷ ಅಲ್ಲೂ ಮಿತಿ ಬಂತು. ಟೆಕ್ಸಾಸ್‌ನದು ಇನ್ನೊಂದು ಬಗೆ. ಸ್ಪರ್ಧೆಯಲ್ಲಿ ಗೆದ್ದ ಸಾವಿರ ಡಾಲರಿನ ಒಂದು ಸ್ಕಾಲರ್‌ಶಿಪ್ ಸಿಕ್ಕರೆ ಸಾಕು, ಹೊರರಾಜ್ಯದವನೂ ಸ್ಥಳೀಯರ ಫೀಸನ್ನೇ ಕಟ್ಟಬಹುದು. ಪತ್ರದಲ್ಲಿ ಬರೀ ಸಾವಿರ ಅಂತ ಇರುತ್ತದೆ, ಉಳಿಯುವುದು ಹತ್ತಾರು ಸಾವಿರ. ಆ ಮಗುವಿನ ಫೋಟೊ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ನನಗೆ ಹಿಡಿಸಿದ್ದು ಮಿಷಿಗನ್. ಆ್ಯನ್ ಆರ್ಬರ್ ಕ್ಯಾಂಪಸ್‌ನಲ್ಲಿ ಹೊರಗಿನವರು ಹತ್ತಿರಹತ್ತಿರ ಅರ್ಧದಷ್ಟಿದ್ದಾರೆ. ಅವರಿಂದ ವರ್ಷಕ್ಕೆ 60 ಸಾವಿರ ಡಾಲರ್‌ನ ಆಸುಪಾಸು ವಸೂಲಿ ಮಾಡುತ್ತಾರೆ, ಮುಲಾಜಿಲ್ಲ. ಇನ್ನೊಂದು ಕಡೆ 2018ರಿಂದ, ವರ್ಷದ ಆದಾಯ 65 ಸಾವಿರ ಡಾಲರ್ ಒಳಗಿರುವ ಮಿಷಿಗನ್ ಕುಟುಂಬಗಳ ಮಕ್ಕಳಿಗೆ ಬೋಧನಾ ಶುಲ್ಕವೇ ಇಲ್ಲ ಅಂದರು. 2025ರಿಂದ ಆ ಮಿತಿಯನ್ನು 1 ಲಕ್ಷ 25 ಸಾವಿರಕ್ಕೆ ಏರಿಸಿದ್ದಾರೆ. ಆಸ್ತಿಗೂ ಒಂದು ಮಿತಿ ಇದೆ. ಹೊರಗಿನವರನ್ನು ಕರೆಯಿರಿ, ಕೊಡಬಲ್ಲವರ ಹತ್ತಿರ ತಗೊಳ್ಳಿ, ಮೊದಲು ನಿಮ್ಮ ರಾಜ್ಯದ ಬಡವರ ಫೀಸು ಮನ್ನಾ ಮಾಡಿ. ಇಷ್ಟೇ ನಾನು ಹೇಳಬೇಕೆಂದಿರುವುದು.

ನಮ್ಮ ಜಾರ್ಜಿಯಾ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಇಲ್ಲಿಯ ಹೋಪ್ ಸ್ಕಾಲರ್‌ಶಿಪ್ ಹೆಸರುವಾಸಿ. 1993ರಲ್ಲಿ ಗವರ್ನರ್ ಝೆಲ್ ಮಿಲ್ಲರ್ ಕಾಲದಲ್ಲಿ ಶುರುವಾಯಿತು. ರಾಜ್ಯದ ಲಾಟರಿ ಹಣದಿಂದ ನಡೆಯುತ್ತದೆ. ಹೈಸ್ಕೂಲಿನಲ್ಲಿ 3.0 ತೆಗೆದ ಜಾರ್ಜಿಯಾದ ಮಗು ರಾಜ್ಯದ ಕಾಲೇಜಿಗೆ ಸೇರಿದರೆ ಬೋಧನಾ ಶುಲ್ಕ ಲಾಟರಿಯದು. ಮೊದಲ ವರ್ಷ 66 ಸಾವಿರ ಡಾಲರ್ ಒಳಗಿನ ಆದಾಯದವರಿಗೆ ಮಾತ್ರ ಅಂತ ಇತ್ತು. ಮರು ವರ್ಷ ಅದು 1 ಲಕ್ಷವಾಯಿತು. 1995ರಲ್ಲಿ ಮಿತಿಯನ್ನೇ ತೆಗೆದರು. ಅಲ್ಲಿಂದ ಮುಂದೆ ಡಾಕ್ಟರ ಮಗಳಿಗೂ ಸಿಗುತ್ತದೆ, ಕಟ್ಟಡ ಕೆಲಸದವನ ಮಗಳಿಗೂ ಸಿಗುತ್ತದೆ. ಕೇಳಲು ಸಮಾನತೆ ಅನ್ನಿಸುತ್ತದೆ. ಆದರೆ 2011ರಲ್ಲಿ ಲಾಟರಿ ಹಣ ಸಾಲದೆ ಹೋಯಿತು. ಆಗ ಹೆಚ್ಚು ಅಂಕದವರಿಗೆ ಝೆಲ್ ಮಿಲ್ಲರ್ ಸ್ಕಾಲರ್‌ಶಿಪ್ ಅಂತ ಬೇರೆ ಮಾಡಿ, ಅವರಿಗೆ ಪೂರ್ತಿ ಶುಲ್ಕ ಕೊಟ್ಟರು. ಸಾಧಾರಣ ಅಂಕದವರ ಹೋಪ್ ಕತ್ತರಿಸಿದರು. ಅದು ಮತ್ತೆ ಪೂರ್ತಿ ಆಗಿದ್ದು 2023ರಲ್ಲಿ. ನಡುವೆ ಓದಿ ಮುಗಿಸಿದವರು ಸಾಲ ತೀರಿಸುತ್ತಿದ್ದಾರೆ.

ನಾನು ಪೆಟ್ರೋಲ್ ಹಾಕಿಸುವ ಬಂಕಿನಲ್ಲಿ ಕೌಂಟರ್ ಪೂರ್ತಿ ಲಾಟರಿ ಚೀಟಿಗಳ ಸುರುಳಿ. ಬೆಳಿಗ್ಗೆ ಏಳಕ್ಕೇ ಸಾಲು ಇರುತ್ತದೆ. ಗಾರೆ ಮೆತ್ತಿದ ಬೂಟು, ಹೊಳೆಯುವ ಹಳದಿ ಜಾಕೆಟ್. ಕಾರಿನ ಕೀಲಿಯಿಂದ ಅಲ್ಲೇ ನಿಂತು ಕೆರೆದು, ಉದುರಿದ ಬೂದಿಬಣ್ಣದ ಪುಡಿಯನ್ನು ಅಂಗೈಯಿಂದ ಒರೆಸಿ, ಚೀಟಿಯನ್ನು ಕಸದಬುಟ್ಟಿಗೆ ಹಾಕಿ ಹೋಗುತ್ತಾರೆ. ಅವರಲ್ಲಿ ಕೆಲವರು ಫೆಬ್ರವರಿಯಲ್ಲಿ ನನ್ನ ಮೇಜಿನ ಎದುರು ಕೂರುತ್ತಾರೆ, ಆದಾಯ ಎಷ್ಟೆಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಇಬ್ಬರೂ ದುಡಿಯುತ್ತೇವೆ, ಲಾಟರಿ ಚೀಟಿ ಒಂದೂ ಕೊಂಡಿಲ್ಲ. ನನ್ನ ಮಗಳಿಗೆ ಝೆಲ್ ಮಿಲ್ಲರ್ ಸಿಕ್ಕಿತು. ಅದಿಲ್ಲದಿದ್ದರೂ ನಮಗೆ ನಡೆಯುತ್ತಿತ್ತು. ಕೊಟ್ಟದ್ದನ್ನು ಬೇಡ ಅನ್ನಲೂ ಇಲ್ಲ. ಟೆಕ್ನಿಕಲ್ ಕಾಲೇಜಿಗೆ ಹೋಗುವವರಿಗೆ ಹೋಪ್ ಗ್ರಾಂಟ್ ಅಂತ ಬೇರೆ ಇದೆ. ಪದವಿಯ ಬಹುಪಾಲು ಮುಗಿಸಿ ಕೈ ಖಾಲಿಯಾದವರಿಗೆ 2022ರಲ್ಲಿ 2,500 ಡಾಲರ್‌ವರೆಗಿನ ಒಂದು ಸಹಾಯ ಬಂತು. ಇವೆರಡನ್ನು ಮರೆಯಬಾರದು. ಆದರೂ ಮನೆಯ ಪರಿಸ್ಥಿತಿ ನೋಡಿ ಮೊದಲ ವರ್ಷದಿಂದಲೇ ಎಲ್ಲ ಬಡ ಮಕ್ಕಳ ಕೈಹಿಡಿಯುವಂಥದ್ದು ಹೋಪ್ ಶುರುವಾಗಿ ಮೂವತ್ತು ವರ್ಷವಾದರೂ ಈ ರಾಜ್ಯದಲ್ಲಿ ಬಂದಿರಲಿಲ್ಲ.

ತುಮಕೂರಿನವರ ಹುಡುಗನ ವಿಷಯ ಅರ್ಧಕ್ಕೆ ಬಿಟ್ಟೆ. ನನ್ನ ಮಗಳಿಗಿಂತ ಅವನ ಅಂಕ ಜಾಸ್ತಿ. ಅವನು ಜಾರ್ಜಿಯಾದಲ್ಲೇ ಯಾಕೆ ಸೇರಲಿಲ್ಲ ಅಂತ ನೀವು ಕೇಳಬಹುದು. ನನ್ನ ಮಗಳು ಇಲ್ಲಿ ಹುಟ್ಟಿದವಳು, ಇಲ್ಲಿಯ ಪ್ರಜೆ. ಅವನು ಮಗುವಾಗಿದ್ದಾಗ ಅಪ್ಪ ಅಮ್ಮನ ಜೊತೆ ಬಂದವನು. ಅಪ್ಪನದು ಎಚ್-1ಬಿ ಅನ್ನುವ ಕೆಲಸದ ವೀಸಾ, ಇವನದು ಅದನ್ನೇ ನೆಚ್ಚಿದ, ಮನೆಯವರಿಗೆ ಕೊಡುವ ಎಚ್-4. ಹೋಪ್ ಮತ್ತು ಝೆಲ್ ಮಿಲ್ಲರ್ ಎರಡಕ್ಕೂ ಪ್ರಜೆಯಾಗಿರಬೇಕು, ಇಲ್ಲವೇ ಗ್ರೀನ್‌ಕಾರ್ಡ್‌ನಂಥದ್ದು ಇರಬೇಕು. ಭಾರತೀಯರ ಗ್ರೀನ್‌ಕಾರ್ಡ್ ಸಾಲು ಎಷ್ಟು ಉದ್ದ ಅಂತ ನಿಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಕೇಂದ್ರ ಸರ್ಕಾರದ ಸಹಾಯಧನ, ಸಾಲವೂ ಎಚ್-4ಗೆ ಇಲ್ಲ. ಅಪ್ಪ ಅಮ್ಮ ಪ್ರತಿ ವರ್ಷ ಕಟ್ಟುವ ತೆರಿಗೆ ಮಾತ್ರ ನಮ್ಮದರ ಹಾಗೆಯೇ ಇದೆ. ಆ ಫಾರ್ಮು ತುಂಬುವವಳು ನಾನೇ. ಟೆಕ್ಸಾಸ್‌ನಂಥ ಕಡೆ ಎಚ್-4 ಮಕ್ಕಳನ್ನೂ ಸ್ಥಳೀಯರೆಂದು ಪರಿಗಣಿಸುತ್ತಾರೆ. ಎಲ್ಲ ಕಡೆ ಹಾಗಿಲ್ಲ. ಸಾಲದ್ದಕ್ಕೆ 21 ತುಂಬಿದ ಕೂಡಲೇ ಎಚ್-4 ಮುಗಿಯುತ್ತದೆ. ಡಿಗ್ರಿ ನಡುವೆಯೇ ವಿದೇಶಿ ವಿದ್ಯಾರ್ಥಿಗಳ ಎಫ್-1 ವೀಸಾಗೆ ಬದಲಾಗಬೇಕು. ಹನ್ನೆರಡು ಕ್ಲಾಸೂ ಈ ಊರಲ್ಲೇ ಓದಿದ ಹುಡುಗ ಕಾಗದದ ಮೇಲೆ ವಿದೇಶಿ ವಿದ್ಯಾರ್ಥಿಯಾಗುತ್ತಾನೆ.

ಹೋಪ್ ಸಿಗದ ಮೇಲೆ ಇಲ್ಲೇ ಓದಿದರೂ ಅವನಿಗೆ ದೊಡ್ಡ ಉಳಿತಾಯವೇನೂ ಇರಲಿಲ್ಲ. ಅದಕ್ಕೇ ಹೊರರಾಜ್ಯದ ಆ 13 ಸಾವಿರವನ್ನೇ ಒಪ್ಪಿಕೊಂಡ. ಕಾರಿಗೆ ಸಾಮಾನು ತುಂಬಿಕೊಂಡು ಹೋದ. ಅಪ್ಪ ಅಮ್ಮ ಪಕ್ಕದ ಬೀದಿಯಲ್ಲೇ ತೆರಿಗೆ ಕಟ್ಟಿಕೊಂಡಿದ್ದಾರೆ.

ಟೆಕ್ನಿಕಲ್ ಕಾಲೇಜುಗಳನ್ನು ಬಿಟ್ಟು, ಜಾರ್ಜಿಯಾದ ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ 2024ರಲ್ಲಿ 3 ಲಕ್ಷ 64 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಓದುತ್ತಿದ್ದರು, ಅದು ಆವರೆಗಿನ ದಾಖಲೆ. ಆದರೆ ದೇಶದಲ್ಲಿ 2007ರ ನಂತರ ಹುಟ್ಟಿದ ಮಕ್ಕಳ ಸಂಖ್ಯೆ ಕಡಿಮೆ. ಅವರೇ ಈಗ ಹೈಸ್ಕೂಲು ಮುಗಿಸಲು ಶುರು ಮಾಡಿದ್ದಾರೆ. ಮುಂದೆ ಎಲ್ಲ ವಿಶ್ವವಿದ್ಯಾಲಯಗಳೂ ಪಕ್ಕದ ರಾಜ್ಯದ ಮಕ್ಕಳಿಗೆ ಇನ್ನೂ ದೊಡ್ಡ ಮೊತ್ತದ ಪತ್ರ ಕಳಿಸುತ್ತವೆ. ಆಗ ನಿಮ್ಮ ವರದಿಗಾರರು ಆ ಮನೆಯವರನ್ನು ಮೂರು ಮಾತು ಕೇಳಲಿ: ಇದು ಒಂದು ವರ್ಷದ್ದೋ ನಾಲ್ಕು ವರ್ಷದ್ದೋ? ಊಟ, ಹಾಸ್ಟೆಲ್ ಸೇರಿ ನೀವು ಕಟ್ಟುವುದೆಷ್ಟು? ಅಂಕ ಇಳಿದರೆ ಏನಾಗುತ್ತದೆ? ಉತ್ತರವನ್ನು ಸುದ್ದಿಯ ಕೊನೆಗೆ ಎರಡು ಸಾಲು ಹಾಕಿ, ಸಾಕು.

ನಿಮ್ಮ ಪತ್ರಿಕೆಯನ್ನು ಮೊಬೈಲಿನಲ್ಲಿ ಓದುವ ಜಾರ್ಜಿಯಾದ ಕನ್ನಡಿಗರಿಗೂ ಒಂದು ಮಾತು. ಇಲ್ಲಿಯ ಶಾಸನಸಭೆ ಜನವರಿ ಎರಡನೇ ಸೋಮವಾರ ಕೂಡುತ್ತದೆ, ನಡೆಯುವುದು ಬರೀ 40 ದಿನದ ಕಲಾಪ. ಮನೆಯ ಆದಾಯ ನೋಡಿ ಕೊಡುವ ಸ್ಕಾಲರ್‌ಶಿಪ್ ಗಟ್ಟಿಯಾಗಲಿ, ಇಲ್ಲೇ ಶಾಲೆ ಓದಿದ ಮಕ್ಕಳಿಗೆ ವೀಸಾ ಯಾವುದೇ ಇರಲಿ ಹೋಪ್ ಸಿಗಲಿ ಅಂತ ನಿಮ್ಮ ಕ್ಷೇತ್ರದ ಪ್ರತಿನಿಧಿಗೆ ಡಿಸೆಂಬರಿನಲ್ಲೇ ಬರೆಯಿರಿ. ವೋಟು ಇರುವವರು ಬರೆದರೆ ಓದುತ್ತಾರೆ. ತುಮಕೂರಿನವರಿಗೆ ಇಲ್ಲಿ ವೋಟಿಲ್ಲ.

ಇತಿ,
ಜಾರ್ಜಿಯಾದಿಂದ ಒಬ್ಬ ಓದುಗಿ
(ಹೆಸರು, ವಿಳಾಸ ಪತ್ರಿಕೆಗೆ ತಿಳಿಸಿದ್ದೇನೆ. ಪಕ್ಕದ ಬೀದಿಯವರ ಗುರುತು ಸಿಗಬಾರದೆಂದು ಪ್ರಕಟಿಸುವುದು ಬೇಡ.)