ಕಣ್ತಪ್ಪೂ ಇಷ್ಟು ಹದವಾಗಿ ಆಗುತ್ತದೆಯೇ?

ಮಾನ್ಯರೇ,

ಶಾಲಾ ಪ್ರವಾಸದ ಪಟ್ಟಿಯಿಂದ ಐದು ಮಕ್ಕಳ ಹೆಸರು ಬಿಟ್ಟುಹೋದ ಸುದ್ದಿಯನ್ನು ನೀವು ನಿನ್ನೆ ಎಂಟು ಸಾಲಿನಲ್ಲಿ ಮುಗಿಸಿದ್ದೀರಿ. ಅದರಲ್ಲಿ ಮೂರು ಸಾಲು ‘ಕಣ್ತಪ್ಪಿನಿಂದಾದ ಪ್ರಮಾದ’ ಎಂಬ ಆಡಳಿತ ಮಂಡಳಿಯ ಸಮಜಾಯಿಷಿ. ಐವರೂ ಒಂದೇ ಅಲ್ಪಸಂಖ್ಯಾತ ಸಮುದಾಯದವರು. ಅವರಲ್ಲಿ ಒಬ್ಬಳು ನನ್ನ ಮಗಳು.

ಮೂರು ರಾತ್ರಿಯಿಂದ ಅವಳಿಗೆ ನಿದ್ದೆಯಿಲ್ಲ. ಬೆಳಿಗ್ಗೆ ಎದ್ದರೆ ಹೊಟ್ಟೆನೋವು. ನಾನು ಎರಡು ದಿನ ಸಂಬಳವಿಲ್ಲದ ರಜೆ ಹಾಕಿ, ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗೆ ಎರಡೂವರೆ ಗಂಟೆ ಬೆಂಚು ಕಾಯ್ದೆ. ಒಳಗೆ ಕರೆದು ಅವರು ಹೇಳಿದ್ದು: “ಇಷ್ಟಕ್ಕೆಲ್ಲ ಮನಸ್ಸಿಗೆ ಹಚ್ಚಿಕೊಂಡರೆ ಹೇಗೆ?”

ಮನಸ್ಸಿಗಷ್ಟೇ ಅಲ್ಲ ಸ್ವಾಮಿ, ಇದು ಮೈಗೂ ಹತ್ತುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲಿನ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಸ್ರವಿಸುತ್ತವೆ. ಎದ್ದ ಅರ್ಧ, ಮುಕ್ಕಾಲು ಗಂಟೆಯಲ್ಲಿ ಅದು ಏರಬೇಕು, ರಾತ್ರಿಯ ಹೊತ್ತಿಗೆ ಇಳಿಯಬೇಕು. ಅಮೆರಿಕದಲ್ಲಿ ಕರಿಯ ಮತ್ತು ಬಿಳಿಯ ಮಕ್ಕಳನ್ನು ಹದಿಹರೆಯದಿಂದ 20 ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಜನಾಂಗೀಯ ತಾರತಮ್ಯ ಹೆಚ್ಚು ಅನುಭವಿಸಿದವರಲ್ಲಿ ಈ ದಿನದ ಇಳಿತವೇ ಚಪ್ಪಟೆಯಾಗಿತ್ತು. ಕರಿಯರಲ್ಲಂತೂ ಹದಿಹರೆಯದಲ್ಲಿ ಉಂಡ ಅವಮಾನದ ಗುರುತು ದೊಡ್ಡವರಾದ ಮೇಲೂ ಉಳಿದಿತ್ತು. ‘ದೊಡ್ಡವಳಾದರೆ ಮರೆಯುತ್ತಾಳೆ’ ಎಂದ ಶಿಕ್ಷಕರು ಇದನ್ನು ಓದಿದರೆ ಒಳ್ಳೆಯದು. ಓದುವ ಅಭ್ಯಾಸ ಉಳಿದಿದ್ದರೆ.

ಶಿಕ್ಷಣ ಇಲಾಖೆಯ ಅಧಿಕಾರಿಗಳು ಕೇಳಿದ್ದು ಒಂದೇ: “ತೊಂದರೆಯಾಗಿದೆ ಎನ್ನಲು ದಾಖಲೆ ಏನಿದೆ?” ಕಾರ್ಟಿಸೋಲನ್ನು ಜೊಲ್ಲಿನಲ್ಲಿಯೂ ಅಳೆಯುತ್ತಾರಂತೆ. ಮಗಳ ಜೊಲ್ಲನ್ನು ಸೀಸೆಯಲ್ಲಿ ತುಂಬಿ, ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ, ಮೂರು ಪ್ರತಿಗಳಲ್ಲಿ ಸಲ್ಲಿಸಬೇಕಿತ್ತೇನೋ!

ಇದೇ ಕಚೇರಿ ಹೋದ ವರ್ಷ ಅವಳ ಹೆಸರನ್ನು ದಾಖಲಾತಿಯಲ್ಲಿ ತಪ್ಪಾಗಿ ಬರೆದು, ತಿದ್ದುಪಡಿಗೆ ನನ್ನನ್ನು ಹನ್ನೊಂದು ಬಾರಿ ಅಲೆಸಿತ್ತು. “ನಿಮ್ಮವರ ಹೆಸರುಗಳೇ ವಿಚಿತ್ರ” ಎಂದು ಗುಮಾಸ್ತರು ನಕ್ಕಿದ್ದರು. ಪಕ್ಕದಲ್ಲಿ ಅವಳೂ ಇದ್ದಳು. ಶಾಲೆಯ ದೂರು ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇದೆಯೆಂದು ಯಾರಿಗೂ ತಿಳಿಯದು. ಆಪ್ತಸಮಾಲೋಚಕರ ಕೊಠಡಿಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟುಗಳಿವೆ, ಸಮಾಲೋಚಕರಿಲ್ಲ.

ಆ ಹುದ್ದೆ ತುಂಬಲಿ. ಪಟ್ಟಿ ಮಾಡಿದವರ ಮೇಲೆ ಕ್ರಮವಾಗಲಿ, ಅಥವಾ ಅವರು ಆ ಐದು ಮಕ್ಕಳೆದುರು ನಿಂತು ತಪ್ಪೊಪ್ಪಿಕೊಳ್ಳಲಿ, ಏನಾದರೊಂದು ಆಗಲಿ. ಬಸ್ಸು ನಾಳೆ ಬೆಳಿಗ್ಗೆ ಹೊರಡುತ್ತದೆಯಂತೆ. ‘ಮುಂದಿನ ವರ್ಷ ಖಂಡಿತ ಕರೆದೊಯ್ಯುತ್ತೇವೆ’ ಎಂದು ಭರವಸೆ ಕೊಟ್ಟಿದ್ದಾರೆ. ಅವಳು ಓದುತ್ತಿರುವುದು ಆ ಶಾಲೆಯ ಕೊನೆಯ ತರಗತಿಯಲ್ಲಿ. ಇವರಿಗೆ ಅಷ್ಟು ಲೆಕ್ಕವೂ ಬರುವುದಿಲ್ಲವೇ?

— ನೊಂದ ಪೋಷಕ