ಮಕ್ಕಳ ನೋಟ್‌ಬುಕ್ ಹಿಡಿದು ಸಭೆಗೆ ಬಂದ ನಮ್ಮ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಶಿಕ್ಷಕರಿಗೆ

ಈ ಮಾರ್ಚ್‌ಗೆ ನಮ್ಮ ಶಾಲೆಯ ಮೂರು ವರ್ಷದ ಅಭಿವೃದ್ಧಿ ಯೋಜನೆ ಮುಗಿಯಿತು. 2022ರಲ್ಲಿ, ಕೊರೊನಾ ರಜೆಗಳೆಲ್ಲ ಕಳೆದು ಯೋಜನೆ ಬರೆಯಲು ಕುಳಿತಾಗ, ಐದನೇ ತರಗತಿಗೆ ಕಾಲಿಟ್ಟ ಅರ್ಧಕ್ಕರ್ಧ ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬರುತ್ತಿರಲಿಲ್ಲ. ಅದೇ ಮಕ್ಕಳು ಈಗ ಏಳನೇ ತರಗತಿ ಮುಗಿಸಿ ಹೈಸ್ಕೂಲಿಗೆ ಹೊರಟಿದ್ದಾರೆ. ಓದುತ್ತಾರೆ, ಓದಿದ್ದನ್ನು ಹಿಡಿದು ಪ್ರಶ್ನೆ ಕೇಳುತ್ತಾರೆ. ಮುಖ್ಯ ಶಿಕ್ಷಕಿ ಎಂದು ಎಲ್ಲರೂ ನನ್ನನ್ನು ಅಭಿನಂದಿಸುತ್ತಿದ್ದಾರೆ. ಅದು ಯಾರಿಗೆ ಸಲ್ಲಬೇಕೋ ಅವರಿಗೆ ಮುಟ್ಟಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ನಮ್ಮ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ತಾಯಂದಿರಿಗೆ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು, ಯೋಜನೆಯನ್ನು ಆ ಸಮಿತಿಯೇ ಮಾಡಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದರೂ ಯೋಜನೆ ಎಂದರೆ ಕಾಂಪೌಂಡು, ಶೌಚಾಲಯ, ಸುಣ್ಣಬಣ್ಣ ಎನ್ನುವುದೇ ರೂಢಿ. ಮೊದಲ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, "ಗೋಡೆ ಬಣ್ಣ ಆಮೇಲಾಗ್ಲಿ ಮೇಡಂ, ನನ್ ಮಗ್ಳು ಬಸ್ಸಿನ ಬೋರ್ಡು ಓದೋದು ಯಾವಾಗ ಅಂತ ಬರ್ಕೊಳಿ" ಎಂದರು. ಯೋಜನೆಯ ಮೊದಲ ಸಾಲು ಅದೇ ಆಯಿತು.

ಆ ಸಾಲನ್ನು ನಿಜ ಮಾಡಿದವರು ಕ್ಲಸ್ಟರಿನ ಸಹೋದ್ಯೋಗಿಗಳು. ಸಮಾಲೋಚನಾ ಸಭೆ ಎಂದರೆ ಸುತ್ತೋಲೆ ಓದುವುದು, ಅಂಕಿಅಂಶ ಒಪ್ಪಿಸುವುದು ಎಂದಾಗಿದ್ದ ಕಾಲದಲ್ಲಿ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ನಮ್ಮ ಸಿಆರ್‌ಪಿ ಸರ್ ಒಂದು ಕಟ್ಟುನಿಟ್ಟು ತಂದರು: ಸುತ್ತೋಲೆಗೆ ಅರ್ಧ ಗಂಟೆ, ಉಳಿದದ್ದು ಮಕ್ಕಳ ನೋಟ್‌ಬುಕ್ಕಿಗೆ.

ಒಂದು ಸಭೆಯಲ್ಲಿ ಮೂರು ಶಾಲೆಗಳ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟೆವು. 503ರಲ್ಲಿ 278 ಕಳೆಯಿರಿ ಎಂಬ ಲೆಕ್ಕಕ್ಕೆ ಮೂರರಲ್ಲೂ ಉತ್ತರ 375. ಮಕ್ಕಳು ಪ್ರತಿ ಮನೆಯಲ್ಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆದಿದ್ದರು: ಎಂಟರಲ್ಲಿ ಮೂರು, ಏಳರಲ್ಲಿ ಸೊನ್ನೆ, ಐದರಲ್ಲಿ ಎರಡು. ಹತ್ತರ ಮನೆಯಲ್ಲಿ ಸೊನ್ನೆ ಇದ್ದರೆ ಯಾರ ಹತ್ತಿರ ಕಡ ಕೇಳುವುದು ಎಂಬ ಪ್ರಶ್ನೆಗೆ ಆ ಮಕ್ಕಳು ತಾವೇ ಕಂಡುಕೊಂಡ ದಾರಿ ಅದು. ಹಾಡಿಯ (ಬುಡಕಟ್ಟು ಜನರ ಊರಿನ) ಶಾಲೆಯ ಮೇಷ್ಟ್ರು ಮರುಮಾತಿಲ್ಲದೆ ಚೀಲದಿಂದ ಕಡ್ಡಿ ಕಟ್ಟುಗಳನ್ನು ತೆಗೆದರು. ನೂರರ ಒಂದು ಕಟ್ಟು ಬಿಚ್ಚಿದರೆ ಹತ್ತರ ಹತ್ತು ಕಟ್ಟು. ಒಂಬತ್ತು ಅಲ್ಲೇ ಉಳಿದವು, ಒಂದನ್ನು ಬಿಚ್ಚಿ ಬಿಡಿಯ ಮನೆಗೆ ಸುರಿದರು. ಮೂರು ಹದಿಮೂರಾಯಿತು. ಉತ್ತರ 225 ಬಂತು. ಮುಂದಿನ ವಾರ ಅವರ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ಮಕ್ಕಳ ಕೈಯಲ್ಲಿ ಅದೇ ಕಟ್ಟುಗಳು ಬಿಚ್ಚಿಕೊಳ್ಳುವುದನ್ನು ನೋಡಿದೆವು. ಸರ್, ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಅಷ್ಟು ಉಪಯೋಗಕ್ಕೆ ಬಂದ ತರಬೇತಿ ನನಗೆ ಇನ್ನೊಂದು ಸಿಕ್ಕಿಲ್ಲ.

ನಮ್ಮ ಹೆಗ್ಗಡದೇವನಕೋಟೆಗೆ ಶಿಕ್ಷಕರು ಹೀಗೆ ಕೂಡಿ ಕಲಿಯುವುದು ಹೊಸದೂ ಅಲ್ಲ. 1995ರಲ್ಲಿ ಇದೇ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಒಟ್ಟಿಗೆ ಕುಳಿತು ಕಲಿಕಾ ಕಾರ್ಡುಗಳನ್ನು ಬರೆದದ್ದರಿಂದಲೇ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿತು, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹೋಯಿತು. 2022-23ರಲ್ಲಿ, ಕೊರೊನಾ ಕಾಲದಲ್ಲಿ ತಪ್ಪಿದ ಕಲಿಕೆಯನ್ನು ತುಂಬುವ ಕಲಿಕಾ ಚೇತರಿಕೆ ಕಾರ್ಯಕ್ರಮದ ಹಾಳೆಗಳು ಬಂದಾಗಲೂ ಹಾಗೆಯೇ ಆಯಿತು. ಹಾಳೆ ಕೊಟ್ಟದ್ದು ಇಲಾಖೆ. ಒಂದೇ ಕೋಣೆಯಲ್ಲಿ ಎರಡು ತರಗತಿ ಇದ್ದಾಗ ಯಾವ ಹಾಳೆ ಮೊದಲು, ಯಾರಿಗೆ ಎಂದು ತೀರ್ಮಾನಿಸಿದ್ದು ನಮ್ಮ ಶನಿವಾರದ ಮಧ್ಯಾಹ್ನಗಳು.

ನಾವು ಬೇರೆ ಶಾಲೆಗೆ ಹೋದ ದಿನಗಳಲ್ಲಿ ನಮ್ಮ ಮಕ್ಕಳನ್ನು ನೋಡಿಕೊಂಡವರು ಅತಿಥಿ ಶಿಕ್ಷಕಿಯರು. ಗೌರವಧನ ತಿಂಗಳುಗಟ್ಟಲೆ ತಡವಾದಾಗಲೂ ಒಂದು ಪೀರಿಯಡ್ ಖಾಲಿ ಬಿಡಲಿಲ್ಲ. ಇವರ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ. ಅದು ಸರಿಯಲ್ಲ ಎಂದು ಇಲ್ಲಿ ಬಹಿರಂಗವಾಗಿಯೇ ಹೇಳುತ್ತೇನೆ. ಸಭೆ ಎಷ್ಟು ಹೊತ್ತಾದರೂ ಕಾದು ಊಟ ಬಡಿಸಿದ ಬಿಸಿಯೂಟದ ಅಕ್ಕಂದಿರಿಗೂ, ಕರೆದಾಗಲೆಲ್ಲ ಬಂದ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯ (ಡಯಟ್) ಉಪನ್ಯಾಸಕರಿಗೂ ವಂದನೆ.

ಹೊಸ ಯೋಜನೆಯ ಕರಡು ಎಸ್‌ಡಿಎಂಸಿ ಮುಂದಿದೆ. ಈ ಸಲ ಮೊದಲ ಸಾಲು ಭಿನ್ನರಾಶಿ. ಶಾಲೆ ತೆರೆದ ಮೊದಲ ತಿಂಗಳ ಸಭೆ ನಮ್ಮಲ್ಲೇ ನಡೆಯಲಿ ಎಂದು ಕೇಳಿಕೊಂಡಿದ್ದೇನೆ. ಆರನೇ ತರಗತಿಯ ನೋಟ್‌ಬುಕ್ಕುಗಳನ್ನು ತಿದ್ದದೆ ಹಾಗೆಯೇ ತನ್ನಿ.